ಹಿಮ್ಮಡಿ ಉಜ್ಜುವ ಕಲ್ಲು

ಕಿರ್. ಕಿರ್. ಸ್ವಲ್ಪ ಬಿಟ್ಟು ಮತ್ತೆ ಕಿರ್.

ಮನೆಯವರೆಲ್ಲ ಮಲಗಿ ಬಹಳ ಹೊತ್ತಾಗಿತ್ತು. ನಾನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಆ ಸದ್ದು ಏನಿರಬಹುದೆಂದು ಯೋಚಿಸಿದೆ. ಇಲಿ ಇರಬಹುದು. ಕಿಟಕಿಯ ಸರಳು ಕೊಯ್ಯುತ್ತಿರುವ ಕಳ್ಳನೂ ಇರಬಹುದು. ನನ್ನ ಸ್ವಭಾವಕ್ಕೆ ತಕ್ಕಂತೆ ಕಳ್ಳನನ್ನೇ ಆರಿಸಿಕೊಂಡೆ. ಅವನು ಒಳಗೆ ಬಂದರೆ ಕೂಗಬೇಕೋ ಬೇಡವೋ ಎಂಬುದು ಮುಂದಿನ ಚಿಂತೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಧ್ವನಿ ಬೀದಿಗೆ ಕೇಳಿಸಬಾರದು. ಕಳ್ಳ ಬಂದಾಗ ಈ ನಿಯಮಕ್ಕೆ ವಿನಾಯಿತಿ ಉಂಟೇ ಎಂದು ನಾನು ಯಾರನ್ನೂ ಕೇಳಿಟ್ಟುಕೊಂಡಿರಲಿಲ್ಲ.

ಅಷ್ಟರಲ್ಲಿ ಸದ್ದು ನಿಂತಿತು. ಆಮೇಲೆ ಯಾರೋ ‘ಉಫ್’ ಎಂದು ಊದಿದರು.

ಇಲಿಗಳು ಊದುವುದಿಲ್ಲ. ಕಳ್ಳನಾದರೂ, ಕೊಯ್ದ ಸರಳಿನ ಪುಡಿಯನ್ನು ಊದಿ ಚೊಕ್ಕಟ ಮಾಡಿ ಹೋಗುವಷ್ಟು ಸಭ್ಯನಾಗಿರುವುದು ಅನುಮಾನ. ಬೆಳಿಗ್ಗೆ ನೋಡಿದರೆ ಸರಳುಗಳೆಲ್ಲ ಇದ್ದಲ್ಲೇ ಇದ್ದವು. ಇದನ್ನು ಕಿಸಕ್ಕನಿಗೆ ಹೇಳದೆ ನನಗೆ ತಿಂದದ್ದು ಅರಗುವಂತಿರಲಿಲ್ಲ. ಆದರೆ ಅವಳನ್ನು ನೋಡಬೇಕೆಂದರೆ ಕಾರಣ ಬೇಕಿತ್ತು.

ಕಿಸಕ್ಕ ಎಂದರೆ ನಮ್ಮ ಬೀದಿಯ ಹಲ್ಲು ಕಟ್ಟುವವರ ಮಗಳು. ಎಂಥ ಗಂಭೀರ ಸಂದರ್ಭದಲ್ಲೂ ಕಿಸಕ್ಕನೆ ನಕ್ಕುಬಿಡುತ್ತಿದ್ದುದರಿಂದ ಶಾಲೆಯಲ್ಲಿ ಅವಳಿಗೆ ಆ ಹೆಸರು ಬಿತ್ತು. ನನಗೆ ಪುಕ್ಕಲಿ ಎಂದು ಹೆಸರಿಟ್ಟವಳು ಅವಳು. ಶಾಲೆ ಇರುವತನಕ ನಮಗೆ ಒಂದೇ ಬೆಂಚು, ಒಂದೇ ರಬ್ಬರು, ಒಂದೇ ಜ್ವರ. ಅವಳಿಗೆ ಮೈ ಬಿಸಿಯಾದರೆ ನಾನು ಅವಳ ಬಾಟಲಿಯಿಂದ ನೀರು ಕುಡಿದು ನನ್ನ ಸರದಿಗೆ ಕಾಯುತ್ತಿದ್ದೆ. ಒಮ್ಮೆ ಅವಳಿಗೆ ಬಂದ ಕೆಪ್ಪಟರಾಯ ನನಗೆ ಬರಲೇ ಇಲ್ಲ. ನನಗೆ ಎಷ್ಟು ಅವಮಾನವಾಯಿತೆಂದರೆ, ಎರಡೂ ಕೆನ್ನೆಯಲ್ಲಿ ಬಟಾಣಿ ತುಂಬಿಕೊಂಡು ತರಗತಿಗೆ ಹೋದೆ.

ಶಾಲೆ ಮುಗಿಯಿತು, ಬೆಂಚೂ ಮುಗಿಯಿತು. ನಮ್ಮಲ್ಲಿ ದೊಡ್ಡವಳಾದ ಹುಡುಗಿ ಬೀದಿಗೆ ಇಳಿಯಬೇಕಾದರೆ ಜೊತೆಗೊಬ್ಬ ಹಿರಿಯರು ಇರಬೇಕು, ಹಿರಿಯರಿಗೊಂದು ಕಾರಣ ಇರಬೇಕು. ಕಾಯಿಲೆ ಕಾರಣ. ಸಾವು ಕಾರಣ. ಗೆಳತಿಯನ್ನು ನೋಡದೆ ಎದೆಯೊಳಗೆ ಏನೋ ಕಿತ್ತುಕೊಂಡು ಬರುತ್ತದೆ ಎಂಬುದು ಕಾರಣವಲ್ಲ. ಎಷ್ಟೋ ದಿನ ನಾನು ನಾಲಿಗೆಯಿಂದ ಒಂದೊಂದೇ ಹಲ್ಲನ್ನು ತಡವಿ, ಯಾವುದಾದರೂ ನೋಯುತ್ತಿದೆಯೇ ಎಂದು ಹುಡುಕಿದೆ. ಎಲ್ಲ ಕಲ್ಲುಗುಂಡಿನ ಹಾಗಿದ್ದವು.

ಆ ರಾತ್ರಿಯ ಸದ್ದಿಗೂ ಕೆಲವು ವಾರ ಮೊದಲು, ಕೊನೆಗೆ ನನ್ನ ಕೈ ಹಿಡಿದದ್ದು ಅಜ್ಜಿಯ ಬಾಯಿ. ಅವರ ಉಳಿದ ಹಲ್ಲುಗಳೂ ಉದುರಿ, ಪೂರ್ತಿ ಸೆಟ್ಟು ಕಟ್ಟಿಸುವುದೆಂದು ತೀರ್ಮಾನವಾಯಿತು. ಅಜ್ಜಿ ಅಪ್ಪನ ತಾಯಿ; ನಮ್ಮ ಮನೆಯ ಬಹುಪಾಲು ನಿಯಮಗಳನ್ನು ಮಾಡಿದವರು. ನಗುವಾಗ ಹಲ್ಲು ಕಾಣಬಾರದು ಎಂಬುದೂ ಅವರದೇ. ಹಲ್ಲು ಹೋದಮೇಲೆ ಅದನ್ನು ಪಾಲಿಸುವುದು ಅವರಿಗೆ ಇನ್ನೂ ಸುಲಭವಾಗಿತ್ತು. ಅವರ ಜೊತೆಗೆ ಹೋಗಲು ಒಬ್ಬರು ಬೇಕೆಂದಾಗ, ಮುಖದಲ್ಲಿ ಸಾಕಷ್ಟು ಬೇಸರ ತುಂಬಿಕೊಂಡು ನಾನು ಒಪ್ಪಿದೆ.

ಹಲ್ಲು ಕಟ್ಟುವವರ ಮುಂದಿನ ಕೋಣೆಯ ಗೂಡುಗಳಲ್ಲಿ ಊರಿನವರ ದವಡೆಗಳು ಬಿಳಿ ಪ್ಲಾಸ್ಟರಿನ ಅಚ್ಚುಗಳಾಗಿ ಸಾಲಾಗಿ ಕೂತಿದ್ದವು. ಕಾಯಿಸಿದ ಮೇಣದ ವಾಸನೆ. ಕಾಲಲ್ಲಿ ತುಳಿದರೆ ತಿರುಗುವ ಪಾಲಿಶ್ ಚಕ್ರ. ನಡುವೆ ಗೋಡೆಯಿಂದ ಗೋಡೆಗೆ ದಪ್ಪನೆಯ ಕಂದು ಪರದೆ. ಹೊರಗಿನ ಗಂಡಸು ಹೆಂಗಸರ ಬಾಯಿಗೆ ಬೆರಳು ಹಾಕುವುದು ನಮ್ಮೂರಲ್ಲಿ ಆಗದ ಮಾತು. ಹಾಗಾಗಿ ಪರದೆಯ ಆಚೆ ಅವರು, ಈಚೆ ಅವರ ಮಗಳು. ಅಳತೆ ತೆಗೆಯುವುದು, ಸೆಟ್ಟು ಕೂರಿಸುವುದು, ಒತ್ತುವ ಜಾಗಕ್ಕೆ ಅರ ಹಾಕಿ ಉಜ್ಜುವುದು ಎಲ್ಲ ಕಿಸಕ್ಕನ ಕೈಯಲ್ಲಿ.

“ಬಾಯಿ ತೆರೆದ್ರೇನಮ್ಮಾ?” ಎಂದು ಪರದೆ ಕೇಳುತ್ತಿತ್ತು.

“ತೆರೆದ್ರಪ್ಪ.”

“ಎಡಗಡೆ ಮೇಲೆ ಕೆಂಪಾಗಿದ್ಯಾ?”

“ಆಗಿದೆ.”

“ಅಜ್ಜಿ ಏನಂತಾರೆ?”

“ನನ್ನ ಬೆರಳು ಕಚ್ಕೊಂಡಿದ್ದಾರೆ, ಏನೂ ಅನ್ನೋಕಾಗ್ತಿಲ್ಲ.”

ಪರದೆಯ ಈಚೆ ಗೋಡೆಗೊತ್ತಿದ ಬೆಂಚಿನ ಮೇಲೆ ಕಿಸಕ್ಕನ ಅಜ್ಜಿ ಕೂತಿರುತ್ತಿದ್ದರು. ಇಡೀ ಊರಿಗೆ ಹಲ್ಲು ಕಟ್ಟುವವರ ತಾಯಿಯ ಬಾಯಲ್ಲಿ ಒಂದೇ ಒಂದು ಹಲ್ಲಿರಲಿಲ್ಲ. ಕಟ್ಟಿಸಿಕೊಳ್ಳಲು ಅವರು ಒಪ್ಪಿಯೂ ಇರಲಿಲ್ಲ. ಹಾಗಾಗಿ ಅವರು ಎಲ್ಲರಿಗೂ ಬೊಚ್ಚಜ್ಜಿ. ಮೊದಲ ದಿನ ನಮ್ಮಜ್ಜಿಯನ್ನು ಕಂಡದ್ದೇ ಬೊಚ್ಚಜ್ಜಿ, “ಏನೇ, ಕೊನೆಗೂ ಬಂದ್ಯಾ?” ಎಂದರು.

ನಮ್ಮಜ್ಜಿಯನ್ನು ಏಕವಚನದಲ್ಲಿ ಕರೆಯುವ ಪ್ರಾಣಿಯೊಂದು ಭೂಮಿಯ ಮೇಲಿದೆ ಎಂದು ನನಗೆ ಗೊತ್ತಿರಲಿಲ್ಲ. ಸೂರು ಬೀಳಲೆಂದು ಕಾದೆ. ಬೀಳಲಿಲ್ಲ. “ಬಂದೆ ಕಣೇ, ಸರಿ ಆ ಕಡೆ,” ಎಂದು ಅಜ್ಜಿ ಬೆಂಚಿನ ಮೇಲೆ ಕೂತರು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಬೆಂಚಿನವರಂತೆ. ಒಂದೇ ಬೀದಿಗೆ ಸೊಸೆಯರಾಗಿ ಬಂದರೂ, ಒಬ್ಬರ ಮನೆಗೆ ಇನ್ನೊಬ್ಬರು ಹೋಗಲು ಕಾರಣವಿಲ್ಲದೆ, ಸಾವಿನ ಮನೆಗಳಲ್ಲಿ ಮಾತ್ರ ದೂರದಿಂದ ನೋಡಿಕೊಂಡವರಂತೆ. ಇದನ್ನು ಕಿಸಕ್ಕ ಹೇಳಿದಳು. ನಾನು ಆಗ ಗಮನ ಕೊಡಲಿಲ್ಲ. ಅವಳ ಮುಖ ನೋಡುವುದರಲ್ಲೇ ನನಗೆ ಹೊತ್ತು ಸಾಲುತ್ತಿರಲಿಲ್ಲ.

“ಲೇ ಪುಕ್ಕಲಿ,” ಎಂದಳು ಅವಳು, ಸೆಟ್ಟನ್ನು ಬಟ್ಟೆಯಲ್ಲಿ ಒರೆಸುತ್ತ, “ನಿಮ್ಮಜ್ಜಿ ಹಲ್ಲು ಇವತ್ತೇ ಸರಿಹೋದ್ರೆ ನಾವು ಮತ್ತೆ ಸಿಗೋದು ಯಾವಾಗ?”

“ಯಾರಾದ್ರೂ ಸತ್ತಾಗ.”

“ಅದಕ್ಕೆ ಯಾರನ್ನ ಕೇಳ್ಕೊಳ್ಳೋದು?”

ಸ್ವಲ್ಪ ಯೋಚಿಸಿ ಅವಳು ಅರವನ್ನು ಕೆಳಗಿಟ್ಟಳು. ಸೆಟ್ಟಿನ ಒಳಗಡೆ, ಎಡಭಾಗದಲ್ಲಿ, ಎಳ್ಳುಕಾಳಿನಷ್ಟು ಉಬ್ಬನ್ನು ಉಜ್ಜದೆ ಹಾಗೇ ಬಿಟ್ಟಳು.

“ನೋವಾಗಲ್ವೇನೇ ಅಜ್ಜಿಗೆ?”

“ನೋವಾಗಲ್ಲ. ಕಿರಿಕಿರಿ ಆಗುತ್ತೆ ಅಷ್ಟೆ. ಅವರು ಎಲ್ಲರಿಗೂ ಮಾಡ್ತಾರಲ್ಲ, ಹಾಗೆ.”

ವಾರದೊಳಗೆ ಅಜ್ಜಿ, “ಯಾಕೋ ಒತ್ತುತ್ತೆ,” ಎಂದರು. ಹೊರಟೆವು. ಉಬ್ಬು ಹೋಯಿತು, ಬೇರೆ ಕಡೆ ಇನ್ನೊಂದು ಉಬ್ಬು ಉಳಿಯಿತು. ಮತ್ತೆ ಹೊರಟೆವು. ಒಂದು ದಿನ ಕಿಸಕ್ಕ ನಮ್ಮಿಬ್ಬರ ಬಾಯಿಯ ಅಚ್ಚನ್ನೂ ತೆಗೆದು, ನನ್ನ ಮೇಲಿನ ದವಡೆಯನ್ನು ಅವಳ ಕೆಳಗಿನ ದವಡೆಯ ಮೇಲೆ ಕೂರಿಸಿ, ಗೂಡಿನಲ್ಲಿ ಊರಿನವರ ನಡುವೆ ಇಟ್ಟುಬಿಟ್ಟಳು. ನನಗೆ ಕಣ್ಣು ತುಂಬಿ ಬಂತು. ಅವಳ ಅಪ್ಪ ಆ ಅಚ್ಚನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿ, “ಯಾರದಪ್ಪಾ ಇದು? ಪಾಪ, ಈ ಮನುಷ್ಯ ಏನು ತಿಂತಾನೆ?” ಎಂದು ಮರುಗಿದರು. ಕಿಸಕ್ಕ ಪರದೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ನಕ್ಕಳು.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ಊದುವ ಕಳ್ಳನ ಸುದ್ದಿಯನ್ನು ನಾನು ಹೊತ್ತು ಹೋದ ದಿನ ಕಿಸಕ್ಕನ ಬಳಿ ಅದಕ್ಕಿಂತ ದೊಡ್ಡ ಸುದ್ದಿಯಿತ್ತು.

“ನಿಮ್ಮಜ್ಜಿ ಸೆಟ್ಟಿಗೆ ದೆವ್ವ ಹಿಡಿದಿದೆ ಕಣೇ,” ಎಂದು ಅವಳು ಪಿಸುಗುಟ್ಟಿದಳು. “ನಾನು ಉಬ್ಬು ಬಿಟ್ಟಿದ್ದು ಬಲಗಡೆ. ಅದು ಮಾಯ. ಈಗ ನೋಡು, ಮುಂದಿನ ಹಲ್ಲುಗಳ ಹಿಂದೆ ಸವೆದಿದೆ. ಯಾರು ಸವೆಸಿದ್ರು?”

“ಅಜ್ಜಿ ನಾಲಿಗೆ ತಾಗಿ ತಾಗಿ...”

“ನಿಮ್ಮಜ್ಜಿ ನಾಲಿಗೆ ಏನು ಅರವಾ?”

ಇಬ್ಬರೂ ಸ್ವಲ್ಪ ಹೊತ್ತು ಯೋಚಿಸಿದೆವು. “ಇರಬಹುದು,” ಎಂದೆ.

ಪರದೆಯ ಆಚೆಯಿಂದ ನಿಟ್ಟುಸಿರು ಬಂತು. “ದೊಡ್ಡಮ್ಮಾ, ನನ್ನ ಕೈಗೆ ಏನಾಗಿದೆಯೋ ತಿಳೀತಿಲ್ಲ. ನಾನು ಕಟ್ಟಿದ ಹಲ್ಲು ಹಾಕ್ಕೊಂಡೇ ಈ ಊರಲ್ಲಿ ಎಷ್ಟೋ ಜನ ಸತ್ತಿದ್ದಾರೆ, ಒಬ್ರೂ ಬಂದು ದೂರು ಹೇಳಿಲ್ಲ.”

ಬೊಚ್ಚಜ್ಜಿ ನಮ್ಮಜ್ಜಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅಜ್ಜಿ ಶಾಲಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಹಲ್ಲು ನೋಯುತ್ತಿದೆಯೇನೋ ಎಂದುಕೊಂಡೆ.

ಮನೆಗೆ ಬಂದ ಮೇಲೆ ಅಜ್ಜಿ ಮಾತು ಕಡಿಮೆ ಮಾಡಿದರು. ಅದಕ್ಕಿಂತ ವಿಚಿತ್ರವೆಂದರೆ, ಕೆಲವು ಮಾತುಗಳನ್ನು ಸುತ್ತು ಬಳಸಿ ಆಡತೊಡಗಿದರು. ಟೀಗೆ ಸಕ್ಕರೆ ಬೇಕಿದ್ದರೆ, “ಆ ಬಿಳೀದು ಹಾಕು,” ಎನ್ನುವರು. ಅಮ್ಮ ಹೆದರಿಕೆಯಲ್ಲಿ ಉಪ್ಪು ಹಾಕಿಬಿಟ್ಟಳು. ಅಜ್ಜಿ ಅದನ್ನೇ ಕುಡಿದರು.

ಇದಾದ ಮೇಲೆ ರಾತ್ರಿಗಳಲ್ಲಿ ಸೀಟಿ ಶುರುವಾಯಿತು.

ನನ್ನ ಅಪ್ಪ ಹುಡುಗರ ಶಾಲೆಯಲ್ಲಿ ಡ್ರಿಲ್ ಮಾಸ್ಟರ್. ಸೀಟಿಯ ವಿಷಯದಲ್ಲಿ ಅವರನ್ನು ಮೋಸ ಮಾಡಲು ಸಾಧ್ಯವಿಲ್ಲ. ಮೊದಲ ಸದ್ದಿಗೇ ಎದ್ದು ಟಾರ್ಚ್ ಹಿಡಿದು ಬೀದಿಗೆ ಓಡಿದರು. ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ನಾಯಿಯೂ ಅವರನ್ನೇ ಅನುಮಾನದಿಂದ ನೋಡಿತಂತೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವರ ವರದಿ ಸಿದ್ಧವಾಗಿತ್ತು.

“ಬೆರಳಿಟ್ಟು ಹೊಡೆಯೋ ಸೀಟಿ ಅಲ್ಲ ಇದು, ತುಟಿ ಸೀಟಿ. ಉದ್ದಕ್ಕೆ, ನಿಧಾನಕ್ಕೆ, ಕೊನೇಲಿ ಸ್ವಲ್ಪ ಮೇಲಕ್ಕೆ. ಚೆನ್ನಾಗಿ ಅಭ್ಯಾಸ ಇರೋನ ಕೆಲಸ.”

“ಗೂಬೆ ಇರಬಹುದೇನೋ,” ಎಂದಳು ಅಮ್ಮ.

“ಗೂಬೆಗೆ ಅಷ್ಟು ಉಸಿರೆಲ್ಲಿದೆ?” ಎಂದು ಅಪ್ಪ ನನ್ನನ್ನು ನೋಡಿದರು.

ಬೀದಿಯಲ್ಲಿ ಸೀಟಿ ಕೇಳಿಸಿದರೆ ಮನೆಯ ಹುಡುಗಿಯನ್ನು ನೋಡುವುದು ನಮ್ಮಲ್ಲಿ ವಾಡಿಕೆ. ಬೇರೆ ಯಾರೋ ಸೀನಿದರೂ ತಪ್ಪು ಮಾಡಿದಂತೆ ಕಾಣುವ ಮುಖ ನನ್ನದು. ತಟ್ಟೆಯ ಕಡೆ ನೋಡಿದೆ. ಅದೂ ತಪ್ಪೊಪ್ಪಿಗೆಯಂತೆ ಕಂಡಿರಬೇಕು.

ಅಪ್ಪ ಎದುರುಮನೆಯ ದರ್ಜಿಯನ್ನೂ ಕಾವಲಿಗೆ ಸೇರಿಸಿಕೊಂಡರು. ದರ್ಜಿ ಬಟ್ಟೆ ಅಳೆಯುವ ಕೋಲು ಹಿಡಿದು ತನ್ನ ಬಾಗಿಲ ಹಿಂದೆ ಕೂತ. ಮರುದಿನ ಬಂದು, ಸದ್ದು ಬಂದದ್ದು ಸರಿಯಾಗಿ ನಮ್ಮ ಮುಂದಿನ ಕೋಣೆಯ ಕಿಟಕಿಯಿಂದಲೇ ಎಂದು ಹೇಳಿದ. ಅದು ಅಜ್ಜಿ ಮಲಗುವ ಕೋಣೆ.

“ಅಂದ್ರೆ ಕಿಟಕಿ ಕೆಳಗೇ ನಿಂತಿರ್ತಾನೆ!” ಎಂದು ಅಪ್ಪ ಮೇಜು ಗುದ್ದಿದರು. “ನನ್ನ ತಾಯಿ ತಲೆ ಹತ್ರ! ಇನ್ಮೇಲೆ ಇವಳು ಹೊಸ್ತಿಲು ದಾಟೋ ಹಾಗಿಲ್ಲ. ಹಲ್ಲು ಕಟ್ಟೋರ ಮನೆಗೂ ಇಲ್ಲ. ಅಲ್ಲಿಗೆ ಗಂಡಸರು ಬಂದು ಹೋಗ್ತಾರೆ, ಅಲ್ಲೇ ಯಾವನೋ ನೋಡಿರಬೇಕು. ನನ್ನ ತಂಗಿ ಊರಿಗೆ ಕಳಿಸಿಬಿಡೋಣ. ಅವರ ಮನೆಗೆ ಬೀದಿ ಕಡೆ ಕಿಟಕಿಯೇ ಇಲ್ಲ.”

ಅತ್ತೆಯ ಊರು ರಾತ್ರಿಯಿಡೀ ಬಸ್ಸಿನಲ್ಲಿ ಕೂತರೆ ಸಿಗುವಂಥದು. ಅಲ್ಲಿಂದ ಕಿಸಕ್ಕನನ್ನು ನೋಡಲು ಯಾವ ಹಲ್ಲೂ ಸಾಲದು. ನಾನು ಅಜ್ಜಿಯ ಕಡೆ ನೋಡಿದೆ. ಅವರು ಉಪ್ಪಿನ ಟೀ ಕುಡಿಯುತ್ತಿದ್ದರು.

ಆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಅಪ್ಪ ನಡುಮನೆಯಲ್ಲಿ ಟಾರ್ಚನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದರು. ಆಗ ಮತ್ತೆ ಅದೇ ಸದ್ದು. ಕಿರ್. ಕಿರ್. ಹೇಗೂ ನನ್ನ ಬಾಳು ಮುಗಿಯಿತು, ಇನ್ನು ಕಳ್ಳ ಏನು ಮಾಡಿಯಾನು ಎಂದು ಎದ್ದು, ಮುಂದಿನ ಕೋಣೆಯ ಬಾಗಿಲ ಸಂದಿಯಿಂದ ಇಣುಕಿದೆ.

ಕಿಟಕಿಯಿಂದ ಬೀದಿದೀಪದ ಬೆಳಕು ಬೀಳುತ್ತಿತ್ತು. ಅಜ್ಜಿ ಹಾಸಿಗೆಯ ಮೇಲೆ ಕಾಲು ಮಡಿಚಿ ಕೂತಿದ್ದರು. ಎಡಗೈಯಲ್ಲಿ ಹಲ್ಲಿನ ಸೆಟ್ಟು. ಬಲಗೈಯಲ್ಲಿ ಬಚ್ಚಲುಮನೆಯ ಕಲ್ಲು, ಹಿಮ್ಮಡಿ ಉಜ್ಜಿಕೊಳ್ಳಲು ನಾವೆಲ್ಲ ಬಳಸುವ ಅದೇ ತೂತು ತೂತಿನ ಕಲ್ಲು. ಅಜ್ಜಿ ಮುಂದಿನ ಹಲ್ಲುಗಳ ಹಿಂದೆ ನಿಧಾನವಾಗಿ ಉಜ್ಜಿದರು. ‘ಉಫ್’ ಎಂದು ಊದಿದರು. ದೀಪಕ್ಕೆ ಹಿಡಿದು ನೋಡಿದರು. ಕೊನೆಗೆ ಬಾಯಿಗೆ ಹಾಕಿಕೊಂಡು, ಎಷ್ಟು ಕೆಟ್ಟಿದೆ ಎಂದು ನೋಡಲೋ ಏನೋ, ಮೆಲ್ಲಗೆ, “ಸಾಸಿವೆ,” ಎಂದರು.

ಎರಡು ಸೀಟಿ ಹೊರಟವು. ಉದ್ದಕ್ಕೆ, ನಿಧಾನಕ್ಕೆ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ.

“ಬಂದ! ಬಂದ!” ಎಂದು ನಡುಮನೆಯಿಂದ ಅಪ್ಪ ಎದ್ದು, ನನ್ನನ್ನೂ ನೋಡದೆ ದಾಟಿಕೊಂಡು ಬೀದಿಗೆ ಓಡಿದರು. ಎದುರುಮನೆಯ ಬಾಗಿಲು ದಡಾರೆಂದಿತು. “ಆ ಕಡೆ ಸಾರ್, ಆ ಕಡೆ!” ಎಂದು ದರ್ಜಿ ಕೂಗಿದ.

ಅಜ್ಜಿ ನನ್ನನ್ನು ನೋಡಿದರು. ನಾನು ಅಜ್ಜಿಯನ್ನು ನೋಡಿದೆ. ನಿದ್ದೆಯಲ್ಲಿ ತಮ್ಮ ಉಸಿರೇ ಇಷ್ಟು ದಿನ ಮನೆಯನ್ನು ಕುಣಿಸಿದೆ ಎಂಬುದು ಅವರ ಮುಖದಲ್ಲಿ ನಿಧಾನಕ್ಕೆ ಇಳಿಯಿತು. ರಾತ್ರಿ ಸೆಟ್ಟು ತೆಗೆದು ನೀರಿನಲ್ಲಿಡಬೇಕೆಂದು ಕಿಸಕ್ಕ ಎಷ್ಟೋ ಸಲ ಹೇಳಿದ್ದಳು. ಕಳ್ಳ ಬಂದರೆ ಬೊಚ್ಚುಬಾಯಲ್ಲಿ ಕೂಗುವುದು ಹೇಗೆ ಎಂದು ಅಜ್ಜಿ ಆ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಅವರು ಮೆಲ್ಲಗೆ ಕಲ್ಲನ್ನು ದಿಂಬಿನ ಕೆಳಗೆ ತಳ್ಳಿದರು.

“ನೀರು ಕುಡಿಯೋಕೆ ಎದ್ಯಾ?”

“ಹೂಂ.”

“ಕುಡಿದು ಮಲಗು.”

ಮಲಗಿದೆ, ನಿದ್ದೆ ಮಾತ್ರ ಇಲ್ಲ. ಬೊಚ್ಚಜ್ಜಿಯ ಬೆಂಚು, ಕಿವಿಯ ಬಳಿಯ ಗುಸುಗುಸು, ಬಾಯಿಗೆ ಅಡ್ಡವಾದ ಶಾಲು ಎಲ್ಲ ಒಂದೊಂದಾಗಿ ನೆನಪಾದವು. ಅಜ್ಜಿಗೆ ಹಲ್ಲು ನೋಯುತ್ತಿರಲಿಲ್ಲ. ಅವರು ನಗುತ್ತಿದ್ದರು. ಎಷ್ಟೋ ವರ್ಷಗಳ ಬಳಿಕ ಅವರಿಗೂ ಒಂದು ಕಾರಣ ಸಿಕ್ಕಿತ್ತು. ಅದು ಕೈಬಿಟ್ಟು ಹೋಗದಂತೆ ಅವರೂ ನೋಡಿಕೊಳ್ಳುತ್ತಿದ್ದರು.

ಬೆಳಿಗ್ಗೆ ಅಪ್ಪ ಬಸ್ಸಿನ ವೇಳೆ ಹೇಳತೊಡಗಿದರು. ನಾನು ಬಾಯಿ ತೆರೆದರೆ ಅಜ್ಜಿಯ ಮಾನ ಹೋಗುತ್ತದೆ, ಹಲ್ಲಿನ ನೆಪವೂ ಹೋಗುತ್ತದೆ. ತೆರೆಯದಿದ್ದರೆ ನಾನೇ ಹೋಗುತ್ತೇನೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ನಾಲ್ಕೈದು ಥರ ಬರೆದು ಅಳಿಸಿದೆ. ಕೊನೆಗೆ, “ಅಪ್ಪಾ, ಆ ಸೀಟಿ...” ಎಂದೆ.

“ಸಾಕು, ಸುಮ್ಮನಿರು!” ಎಂದರು ಅಜ್ಜಿ.

ಅಮ್ಮನ ಕೈಯಿಂದ ಸೌಟು ಬಿತ್ತು. ಅಪ್ಪ ಅಭ್ಯಾಸಬಲದಿಂದ ಎದೆ ಸೆಟೆಸಿ ನೆಟ್ಟಗೆ ನಿಂತರು. ಆಮೇಲೆ ಕಿಟಕಿಗೆ ಹಾರಿದರು. ಎದುರಿನಿಂದ ದರ್ಜಿ, “ಸಾರ್, ಹಗಲಲ್ಲೇ ಶುರು ಮಾಡ್ದ!” ಎಂದು ಕೋಲು ಹಿಡಿದು ಬೀದಿಗೆ ಬಂದ.

“ಸೀಟಿ ನಂದು,” ಎಂದರು ಅಜ್ಜಿ. ಮತ್ತೊಂದು ಸೀಟಿ. “ಹಲ್ಲು ಸಡಿಲ.” ಇನ್ನೊಂದು.

ಅಪ್ಪನ ಬಾಯಿ ತೆರೆದುಕೊಂಡಿತು. ಅವರ ಎಲ್ಲ ಹಲ್ಲುಗಳೂ ಕಂಡವು, ಒಳ್ಳೆಯ ಹಲ್ಲುಗಳು. “ಅಮ್ಮಾ... ನೀನಾ? ಇಷ್ಟು ದಿನ ನಾನು ಹುಡುಕಿದ್ದು...”

“ನನ್ನನ್ನೇ.”

“ಏನ್ ಸಾರ್, ಸಿಕ್ಕಿದ್ನಾ?” ಎಂದು ದರ್ಜಿ ಕಿಟಕಿಗೆ ಮುಖವಿಟ್ಟ.

“ಕುಕ್ಕರ್ ಕಣ್ರೀ!” ಎಂದು ಅಪ್ಪ ಚೀರಿದರು. “ನಮ್ಮನೆ ಕುಕ್ಕರ್!”

“ರಾತ್ರಿನೂ?”

“ರಾತ್ರಿನೂ!”

ಬಸ್ಸಿನ ಮಾತು ಅಲ್ಲಿಗೆ ನಿಂತಿತು. “ಈ ವಿಷಯ ಈ ನಾಲ್ಕು ಗೋಡೆ ದಾಟಬಾರದು,” ಎಂದು ಅಪ್ಪ ನಮಗೆಲ್ಲ ಹೇಳಿದರು. ಬೀದಿಯ ಪೋಲಿ ತಮ್ಮ ತಾಯಿಯೇ ಎಂದು ಗೊತ್ತಾದರೆ ಶಾಲೆಯಲ್ಲಿ ಹುಡುಗರ ಮುಂದೆ ಅವರು ಸೀಟಿ ಊದುವುದಾದರೂ ಹೇಗೆ? ಅಜ್ಜಿ ಶಾಲು ಹೊದ್ದು ಎದ್ದರು. “ರಿಪೇರಿಗೆ ಹೋಗ್ಬೇಕು. ಇವಳು ಬರಲಿ,” ಎಂದರು. ಬೇಡ ಎನ್ನುವ ಧೈರ್ಯ ಅಪ್ಪನಿಗೆ ಇರಲಿಲ್ಲ. ಅಜ್ಜಿ ಇನ್ನೊಂದು ಮಾತಾಡಿಬಿಟ್ಟರೆ?

ಹಲ್ಲು ಕಟ್ಟುವವರು ಸೆಟ್ಟನ್ನು ಪರದೆಯ ಅಂಚಿನಿಂದ ಪಡೆದರು. “ದೊಡ್ಡಮ್ಮಾ, ಇದನ್ನ ಬಿಟ್ಟುಬಿಡೋಣ,” ಎಂದರು. “ಹೊಸ ಮಾಲು ಬಂದಿದೆ, ಬಹಳ ಗಟ್ಟಿ. ಅದರಲ್ಲಿ ನಾನೇ ಕೂತು ಕಟ್ಟಿಕೊಡ್ತೀನಿ. ಒಂದು ಸಲ ಕೂರಿಸಿದ್ರೆ ಮುಗೀತು. ಕಲ್ಲಲ್ಲಿ ಉಜ್ಜಿದ್ರೂ ಸವೆಯಲ್ಲ.”

ಕಲ್ಲು ಎಂಬ ಮಾತಿಗೆ ಅಜ್ಜಿ ಸ್ವಲ್ಪ ಕೆಮ್ಮಿದರು. ಒಂದು ಸಲ ಕೂರಿಸಿದರೆ ಮುಗೀತು ಎಂಬ ಮಾತಿಗೆ ನಾನು ಕಿಸಕ್ಕನ ಕಡೆ ನೋಡಿದೆ. ಬೆಂಚಿನ ಮೇಲೆ ಬೊಚ್ಚಜ್ಜಿಯ ಕೈ ಅಜ್ಜಿಯ ಕೈಯನ್ನು ಹುಡುಕಿಕೊಂಡು ಹೋಗಿ ಹಿಡಿದುಕೊಂಡಿತು.

“ಮಗಾ,” ಎಂದು ಬೊಚ್ಚಜ್ಜಿ ಪರದೆಯನ್ನು ಕರೆದರು. “ನಂಗೂ ಒಂದು ಸೆಟ್ಟು ಕಟ್ಟೋ.”

ಪರದೆಯ ಆಚೆ ಏನೋ ಬಿದ್ದು ಒಡೆಯಿತು. “ಅಮ್ಮಾ! ನಿಜವಾಗ್ಲೂ? ಇಷ್ಟು ವರ್ಷ ಕಾಲು ಹಿಡಿದು ಬೇಡಿದ್ರೂ...”

“ಈಗ ಬೇಕು ಅನ್ನಿಸ್ತಿದೆ. ಆದ್ರೆ ಒಬ್ಬಳೇ ಬಾಯಿ ತೆರೆಯೋಕೆ ನಂಗೆ ಭಯ. ಪ್ರತಿ ಸಲವೂ ಇವಳು ಬಂದು ಕೈ ಹಿಡ್ಕೊಂಡು ಕೂರ್ಬೇಕು. ಮತ್ತೆ, ನಂಗೆ ಆ ಗಟ್ಟಿ ಮಾಲು ಬೇಡ. ಹಳೇದೇ ಸಾಕು.”

“ಬರ್ತೀನಿ,” ಎಂದರು ಅಜ್ಜಿ. “ಇವಳೂ ಬರ್ತಾಳೆ.” ‘ಇವಳು’ ಎಂದರೆ ನಾನು.

ಕಿಸಕ್ಕ ನನ್ನನ್ನು ಮೂಲೆಗೆ ಎಳೆದಳು. ಅವಳ ಕಣ್ಣು ಹೊಳೆಯುತ್ತಿದ್ದರೂ ಹುಬ್ಬು ಗಂಟಾಗಿತ್ತು. “ಎಲ್ಲ ಸರಿ ಕಣೇ. ಆದ್ರೆ ಆ ಹಲ್ಲು ಸವೆದಿದ್ದು ಹೇಗೆ? ನಾನಂತೂ ಆ ಜಾಗ ಮುಟ್ಟಿಲ್ಲ. ನಿಂಗೇನಾದ್ರೂ ಗೊತ್ತಾ?”

ಕೆಪ್ಪಟರಾಯದಿಂದ ಹಿಡಿದು ಇಂದಿನವರೆಗೆ ಅವಳಿಗೆ ಹೇಳದ ಮಾತು ನನ್ನಲ್ಲಿ ಒಂದೂ ಇರಲಿಲ್ಲ. ಆ ಉಬ್ಬುಗಳ ಹಿಂದೆ ಕಿಸಕ್ಕನ ಕೈಯಿದೆ ಎಂದು ಅಜ್ಜಿಗೆ ಗೊತ್ತಿರಲಿಲ್ಲ. ಆ ಸವೆತದ ಹಿಂದೆ ಅಜ್ಜಿಯ ಕೈಯಿದೆ ಎಂದು ಕಿಸಕ್ಕನಿಗೆ ಗೊತ್ತಿರಲಿಲ್ಲ. ತನ್ನಿಂದಲೇ ಎಲ್ಲ ನಡೆಯುತ್ತಿದೆ ಎಂಬ ಹೆಮ್ಮೆ ಇಬ್ಬರಿಗೂ ಇತ್ತು. ಗೂಡಿನಲ್ಲಿ ನನ್ನ ಮೇಲ್ದವಡೆ ಅವಳ ಕೆಳದವಡೆಯನ್ನು ಕಚ್ಚಿಕೊಂಡು ಕೂತಿತ್ತು.

“ಇಲ್ಲ,” ಎಂದೆ. “ದೆವ್ವವೇ ಇರಬೇಕು.”

ಮನೆಗೆ ಮರಳುವಾಗ ಅಜ್ಜಿ ಬೀದಿಯ ತಿರುವಿನ ಅಂಗಡಿಯ ಮುಂದೆ ನಿಂತರು. ಬಾಯಲ್ಲಿ ಸೆಟ್ಟು ಇರಲಿಲ್ಲವಾದ್ದರಿಂದ ಧೈರ್ಯವಾಗಿ ಮಾತಾಡಿದರು. “ಹಿಮ್ಮಡಿ ಉಜ್ಜೋ ಕಲ್ಲು ಇದೆಯೇನಪ್ಪ? ಎರಡು ಕೊಡು.”

“ಎರಡು ಯಾಕಜ್ಜಿ? ಒಂದೇ ವರ್ಷಗಟ್ಟಲೆ ಬರುತ್ತೆ.”

“ನಿಂಗೆ ಹಿಮ್ಮಡಿ ಎಷ್ಟಿದೆ?”

ಅಂಗಡಿಯವನು ತನ್ನ ಕಾಲು ನೋಡಿಕೊಂಡು ಎರಡು ಕಲ್ಲು ಕಟ್ಟಿಕೊಟ್ಟ. ಅಜ್ಜಿ ಪೊಟ್ಟಣವನ್ನು ನನ್ನ ಕೈಗಿಟ್ಟು, “ಮುಂದಿನ ಸಲ ಹೋಗೋವಾಗ ಒಂದನ್ನ ತಗೊಳ್ಳೋಕೆ ನೆನಪಿಸು,” ಎಂದರು. ಯಾರಿಗೆ ಕೊಡಲು ಎಂದು ಅವರು ಹೇಳಲಿಲ್ಲ. ಪೊಟ್ಟಣವನ್ನು ಎದೆಗೊತ್ತಿಕೊಂಡು, ತಲೆ ತಗ್ಗಿಸಿ, ನೋಡಿದವರು ಮೆಚ್ಚುವ ಹಾಗೆ ಅಜ್ಜಿಯ ಹಿಂದೆ ನಡೆದೆ. ಈ ವಿಷಯವನ್ನು ಯಾರಿಗೂ ಹೇಳುವುದಿಲ್ಲ ಎಂದು, ದರ್ಜಿಯ ಬಾಗಿಲು ದಾಟುವಷ್ಟರಲ್ಲಿ ಗಟ್ಟಿ ಮನಸ್ಸು ಮಾಡಿದ್ದೆ.